ಮನಸ್ಸಿನ ಗೈರುಹಾಜರಿ

ಚೀನಾದ ಗ್ವಾಂಗ್‌ಝೌ ನಗರದ ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಮ್ಯಾಂಡರಿನ್, ಕ್ಯಾಂಟನೀಸ್ ಮತ್ತು ಇಂಗ್ಲಿಷ್ ಮೂರರಲ್ಲೂ ಸಾರುತ್ತಾರೆ. ಮೂರನ್ನೂ ಬಲ್ಲ ನನ್ನ ಸಹೋದ್ಯೋಗಿಯೊಬ್ಬರಿಗೆ ಆ ಬೆಳಿಗ್ಗೆ ಒಂದೂ ಕೇಳಿಸಲಿಲ್ಲ. ಝೂಜಿಯಾಂಗ್ ನ್ಯೂ ಟೌನ್‌ನಲ್ಲಿ ಇಳಿಯಬೇಕಾದವರು ಪರ್ಲ್ ನದಿಯ ತಳದ ಸುರಂಗವನ್ನೂ ಅದರಾಚೆಯ ಕ್ಯಾಂಟನ್ ಟವರ್ ನಿಲ್ದಾಣವನ್ನೂ ದಾಟಿ ಹೋಗಿಬಿಟ್ಟಿದ್ದರು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆಂದು ಮೊಬೈಲಿನಲ್ಲಿ ಶಬ್ದಗಳನ್ನು ಉರು ಹೊಡೆಯುತ್ತಿದ್ದ ಅವರ ಅಂದಿನ ಪಾಠದ ಪದ ‘ಆಬ್ಲಿವಿಯಸ್’, ಅಂದರೆ ಸುತ್ತಲಿನ ಪರಿವೆಯೇ ಇಲ್ಲದ.

ತಡವಾದುದಕ್ಕೆ ಅವರು ಕಚೇರಿಗೆ ಇಂಗ್ಲಿಷಿನಲ್ಲೇ ಸಂದೇಶ ಕಳುಹಿಸಿದರು. ಚೀನೀ ಭಾಷೆಯಲ್ಲಿ ‘ಶಿನ್ ಬು ತ್ಸಾಯ್ ಯೆನ್’ ಎಂಬ ಹಳೆಯ ನುಡಿಗಟ್ಟಿದೆ. ಮನಸ್ಸು ಅಲ್ಲಿಲ್ಲ ಎಂದು ಅರ್ಥ. ಅದನ್ನೇ ನೇರವಾಗಿ ‘ಮೈ ಮೈಂಡ್ ಈಸ್ ಅಬ್ಸೆಂಟ್’ ಎಂದು ಬರೆದರು. ಸಿಬ್ಬಂದಿ ವಿಭಾಗದವರ ಕಣ್ಣಿಗೆ ಕೊನೆಯ ಪದವೊಂದೇ ಬಿದ್ದಿರಬೇಕು. ಇವರು ಬೆವರೊರೆಸಿಕೊಳ್ಳುತ್ತಾ ಕುರ್ಚಿಯಲ್ಲಿ ಕುಳಿತುಕೊಳ್ಳುವ ಹೊತ್ತಿಗೆ ಇವರ ಖಾತೆಯಿಂದ ಒಂದು ದಿನದ ರಜೆ ಕಳೆದುಹೋಗಿತ್ತು.

ಆ ಸಂಜೆಯಿಂದ ನಾನು ಅವರ ‘ಲಾವ್‌ಶಿ’, ಎಂದರೆ ಮೇಷ್ಟ್ರು. ‘ಅನ್‌ಅವೇರ್’, ಅಂದರೆ ಅರಿವಿಲ್ಲದ, ಎಂಬುದು ಯಾರನ್ನೂ ನೋಯಿಸದ ಸಾಧು ಪದ, ಅದರ ನಂತರ ‘ಆಫ್’ ಬಂದರೆ ಸಾಕು. ‘ಆಬ್ಲಿವಿಯಸ್’ಗೆ ‘ಟು’ ಆದರೂ ‘ಆಫ್’ ಆದರೂ ಒಗ್ಗುತ್ತದೆ, ಆದರೆ ಅದರಲ್ಲಿ ಸಣ್ಣದೊಂದು ಆಕ್ಷೇಪಣೆ ಅಡಗಿರುವುದರಿಂದ ಮೇಲಧಿಕಾರಿಗಳ ವಿಷಯದಲ್ಲಿ ಬಳಸದಿರುವುದು ಕ್ಷೇಮ ಎಂದು ತಿಳಿಸಿದೆ. ಅವರು ಕೂಡಲೇ ‘ಐ ಆಮ್ ಆಬ್ಲಿವಿಯಸ್’ ಎಂದು ಅಭ್ಯಾಸ ಶುರುಮಾಡಿದರು. ಇಲ್ಲಿ ನಾನು ತಡೆಯಲೇಬೇಕಾಯಿತು. ಪರಿವೆಯಿಲ್ಲದವನಿಗೆ ತನಗೆ ಪರಿವೆಯಿಲ್ಲವೆಂಬ ಪರಿವೆಯೂ ಇರುವುದಿಲ್ಲವಾದ್ದರಿಂದ, ಈ ಪದವನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವುದಿದ್ದರೆ ಭೂತಕಾಲಕ್ಕಾಗಿ ಕಾಯಬೇಕು. ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗದ ಭಾಷೆಯಿಂದ ಬಂದವರಿಗೆ ಇದು ವೃಥಾ ಕಿರುಕುಳವಾಗಿ ಕಂಡಿತು.

ಇಂಥವರಿಗಾಗಿಯೇ 2014ರಲ್ಲಿ ಚಾಂಗ್‌ಚಿಂಗ್ ನಗರದಲ್ಲಿ ಕಾಲುದಾರಿಯೊಂದನ್ನು ಎರಡಾಗಿ ಸೀಳಿ, ಮೊಬೈಲ್ ನೋಡುತ್ತಾ ನಡೆಯುವವರಿಗೆ ಒಂದು ಪಾಲು ಬಿಟ್ಟುಕೊಟ್ಟಿದ್ದರು. ತಲೆ ತಗ್ಗಿಸಿ ನಡೆಯುವ ಈ ಜನರನ್ನು ಚೀನೀಯರು ‘ದೀ ಥೋ ತ್ಸೂ’, ತಗ್ಗಿದ ತಲೆಯ ಕುಲ, ಎಂದು ಕರೆಯುತ್ತಾರೆ. ವಿಚಿತ್ರವೆಂದರೆ, ಆ ದಾರಿಯನ್ನು ಗಮನಿಸಿದವರು ಅದರಲ್ಲಿ ನಡೆಯುವುದನ್ನು ಬಿಟ್ಟು, ನಡುವೆಯೇ ನಿಂತು ಅದರ ಫೋಟೋ ತೆಗೆಯತೊಡಗಿದರು. ಈ ಕಥೆಗೆ ನಮ್ಮ ಮಿತ್ರರು ನಗಲಿಲ್ಲ. ಆ ದಾರಿ ಇನ್ನೂ ಇದೆಯೇ ಎಂದು ಆಸೆಯಿಂದ ಕೇಳಿದರು.

ಮರುವಾರ ಅವರು ಕಳೆದುಹೋದ ರಜೆಗಾಗಿ ಅರ್ಜಿಯೊಂದನ್ನು ಬರೆದು, ‘ಇಡೀ ದಿನ ಕಚೇರಿಯಲ್ಲಿದ್ದ ನನ್ನ ಇರುವಿಕೆಗೆ ಸಿಬ್ಬಂದಿ ವಿಭಾಗವು ಆಬ್ಲಿವಿಯಸ್ ಆಗಿತ್ತು’ ಎಂದು ಇಂಗ್ಲಿಷಿನಲ್ಲಿ ನಿವೇದಿಸಿಕೊಂಡರು. ಭೂತಕಾಲ ಸರಿಯಾಗಿತ್ತು, ‘ಟು’ ತನ್ನ ಜಾಗದಲ್ಲೇ ಕುಳಿತಿತ್ತು. ರಜೆ ಮಾತ್ರ ವಾಪಸು ಬರಲಿಲ್ಲ.