ಪಾಯಿಂಟ್ಸ್ ಪಟ್ಟಿ ಪಕ್ಕಕ್ಕಿಡಿ, ಕುಶ್ ಓಡಿಸೋದು ನೋಡಿ

ಮೊನ್ನೆ ಗೆಳೆಯನೊಬ್ಬ ಕೇಳಿದ. "ನಿಮ್ಮ ಕುಶ್ ಮೈನಿ ಪಾಯಿಂಟ್ಸ್ ಪಟ್ಟಿಯಲ್ಲಿ ಎಲ್ಲೋ ಕೆಳಗಿರ್ತಾನಲ್ಲ ಮಾರಾಯ, ಅವನನ್ನ ಯಾಕೆ ಇಷ್ಟೊಂದು ಹಚ್ಕೊಂಡಿದ್ದೀಯಾ?" ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು.

ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಕುಶ್ ನಮ್ಮ ಬೆಂಗಳೂರಿನ ಹುಡುಗ. 2000ದ ಸೆಪ್ಟೆಂಬರ್‌ನಲ್ಲಿ ಹುಟ್ಟಿದವನು. 2023ರಲ್ಲಿ ಫಾರ್ಮುಲಾ 2ಗೆ ಬಂದ. ಫಾರ್ಮುಲಾ 1ಕ್ಕೆ ಒಂದೇ ಮೆಟ್ಟಿಲು ಕೆಳಗಿನ ರೇಸ್ ಅದು. ಅಣ್ಣ ಅರ್ಜುನ್ ಮೈನಿಯೂ ರೇಸರ್. ಅವನೂ 2018ರಲ್ಲಿ ಇದೇ ಫಾರ್ಮುಲಾ 2 ಓಡಿಸಿದ್ದ, ಆಮೇಲೆ ಜರ್ಮನಿಯ ಡಿಟಿಎಂ ಎಂಬ ಕಾರ್ ರೇಸ್ ಸರಣಿಗೆ ಹೋದ. ಬೆಂಗಳೂರಿನ ರಸ್ತೆಗಳಲ್ಲಿ ಓಡಾಡುತ್ತಿದ್ದ ಪುಟ್ಟ ರೇವಾ ಎಲೆಕ್ಟ್ರಿಕ್ ಕಾರು ನೆನಪಿದೆಯಾ? ಅದನ್ನು ಮಾಡಿದ ಚೇತನ್ ಮೈನಿ, ಈ ಹುಡುಗರ ಅಪ್ಪನ ಸೋದರ.

ಈಗ 2025ರ ಮೇ 24ರ ಸಂಜೆಗೆ ಬರುತ್ತೇನೆ. ಊರಲ್ಲೆಲ್ಲಾ ಆರ್‌ಸಿಬಿ ಮಾತು. ನಮ್ಮ ಮನೆಯಲ್ಲಿ ಮಾತ್ರ ನಾನು ಮೊಬೈಲನ್ನು ಟಿವಿಗೆ ಹಾಕಿಕೊಂಡು ಮೊನಾಕೊ ರೇಸ್ ನೋಡುತ್ತಾ ಕೂತಿದ್ದೆ. ಅಪ್ಪ ಪಕ್ಕದಲ್ಲಿ ಪೇಪರ್ ಹಿಡಿದು ಕೂತಿದ್ದರು. ಅವರಿಗೆ ರೇಸ್ ಎಂದರೆ ಅಷ್ಟಕ್ಕಷ್ಟೆ. ಆದರೆ ವರ್ಷಾನುಗಟ್ಟಲೆ ಬಸ್ ಓಡಿಸಿದವರು. ಶಿರಾಡಿ ಘಾಟಿಯಲ್ಲಿ, ಮಳೆಗಾಲದಲ್ಲಿ, ರಾತ್ರಿ ಪಾಳಿಯಲ್ಲಿ.

ಟಿವಿಯಲ್ಲಿ ಕಾರಿನ ಮೇಲಿನ ಕ್ಯಾಮೆರಾ ತೋರಿಸುತ್ತಿದ್ದರು. ತಿರುವಿಗೆ ತಿರುವು. ಬಲಗಡೆ ಚಕ್ರಕ್ಕೂ ಕಬ್ಬಿಣದ ತಡೆಗೋಡೆಗೂ ನಡುವೆ ಕೈ ತೂರಿಸುವಷ್ಟೂ ಜಾಗ ಕಾಣುತ್ತಿರಲಿಲ್ಲ. ಕುಶ್ ಕೈ ಸ್ಟೇರಿಂಗ್ ಮೇಲೆ ಒಂದು ಕ್ಷಣವೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ರಸ್ತೆಯ ಉಬ್ಬುತಗ್ಗಿಗೆಲ್ಲಾ ಚಿಕ್ಕ ಚಿಕ್ಕದಾಗಿ ಸರಿಮಾಡಿಕೊಳ್ಳುತ್ತಲೇ ಇದ್ದ. ನಾನು ಸುಮ್ನೆ ಹೇಳಿದೆ, "ಅಪ್ಪ, ಈ ಕಾರಿಗೆ ಪವರ್ ಸ್ಟೇರಿಂಗ್ ಇಲ್ಲ."

ಪೇಪರ್ ಕೆಳಗಿಳಿಯಿತು. "ಇಲ್ವಾ?"

"ಇಲ್ಲಪ್ಪ. 620 ಹಾರ್ಸ್‌ಪವರ್ ಇಂಜಿನ್, ಪವರ್ ಸ್ಟೇರಿಂಗ್ ಇಲ್ಲ."

"ಅಯ್ಯೋ, ಹಾಗಾದ್ರೆ ಹುಡುಗನ ರಟ್ಟೆ ಗತಿ ಏನೋ!" ಎಂದವರು ತಮ್ಮ ಬಲ ಭುಜ ಹಿಡಿದುಕೊಂಡರು. ಹಳೇ ಬಸ್ಸುಗಳ ಸ್ಟೇರಿಂಗ್ ಎಳೆದೆಳೆದು ನೋವು ಹತ್ತಿದ ಭುಜ ಅದು. ಆಮೇಲೆ ಪೇಪರ್ ಮುಟ್ಟಲಿಲ್ಲ. ಕೊನೆಯ ಲ್ಯಾಪ್ ತನಕ ಕಣ್ಣು ಕೀಳದೆ ನೋಡಿದರು.

ಮೊನಾಕೊ ಎಂದರೆ 3.337 ಕಿಲೋಮೀಟರ್‌ಗೆ 19 ತಿರುವು. ಊರೊಳಗಿನ ರಸ್ತೆಯೇ ಟ್ರ್ಯಾಕ್. ಬೇರೆ ಕಡೆ ಸ್ವಲ್ಪ ಆಚೀಚೆ ಆದರೆ ಹೊರಗೆ ಹೋಗಿ ಮತ್ತೆ ಬರಬಹುದು. ಇಲ್ಲಿ ಆಚೆ ಹೋದರೆ ಗೋಡೆ, ಅಷ್ಟೆ. ಅಂಥ ಕಡೆ 30 ಲ್ಯಾಪ್ ಮುಂದೆಯೇ ಇದ್ದು ಕುಶ್ ಗೆದ್ದ. ಮೊನಾಕೊದಲ್ಲಿ ಫಾರ್ಮುಲಾ 2 ರೇಸ್ ಗೆದ್ದ ಮೊದಲ ಭಾರತೀಯ. ಜನ ಗಣ ಮನ ಶುರುವಾದಾಗ ಅಪ್ಪ ಎದ್ದು ನಿಂತರು. ನಾನೂ ನಿಂತೆ. ಅಡುಗೆಮನೆಯಿಂದ ಅಮ್ಮ ಏನಾಯ್ತೋ ಎಂದು ಗಾಬರಿಯಲ್ಲಿ ಹೊರಗೆ ಬಂದರು.

ಮರುದಿನವೇ ಶುರುವಾಯಿತು ಮಾತು. "ಅದು ರಿವರ್ಸ್ ಗ್ರಿಡ್ ಪೋಲ್, ಸ್ಪ್ರಿಂಟ್ ರೇಸ್, ಮೊನಾಕೊದಲ್ಲಿ ಯಾರೂ ಓವರ್‌ಟೇಕ್ ಮಾಡಕ್ಕಾಗಲ್ಲ, ಮುಂದೆ ನಿಂತವನು ಗೆಲ್ತಾನೆ." ಹೌದು, ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಎಂದು ತೀರ್ಮಾನಿಸುವ ವೇಗದ ಸುತ್ತೇ ಕ್ವಾಲಿಫೈಯಿಂಗ್. ಸ್ಪ್ರಿಂಟ್ ಎಂಬ ಚಿಕ್ಕ ರೇಸ್‌ನಲ್ಲಿ ಅದರ ಮೊದಲ ಹತ್ತು ಜನರನ್ನು ತಿರುವುಮುರುವು ಮಾಡಿ ನಿಲ್ಲಿಸುತ್ತಾರೆ. ಹತ್ತನೆಯವನು ಮೊದಲು ನಿಲ್ಲುತ್ತಾನೆ, ಆ ಮೊದಲ ಜಾಗವೇ ಪೋಲ್. ಕುಶ್ ಹತ್ತನೆಯವನಾಗಿದ್ದ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಹತ್ತರೊಳಗೆ ಬರುವುದೇ ಎಷ್ಟು ಕಷ್ಟ ಎಂದು ಕ್ವಾಲಿಫೈಯಿಂಗ್ ನೋಡುವವರಿಗೆ ಗೊತ್ತು. ಮೊದಲನೆಯವನಿಗೂ ಹತ್ತನೆಯವನಿಗೂ ನಡುವೆ ಎಷ್ಟೋ ಸಲ ಒಂದು ಸೆಕೆಂಡೂ ಇರುವುದಿಲ್ಲ. ಮುಂದೆ ನಿಂತರೂ ಹೊರಡುವಾಗ ಕ್ಲಚ್ ಸರಿಯಾಗಿ ಬಿಟ್ಟು ಮೊದಲ ತಿರುವಿಗೆ ಮುಂದಾಗಿಯೇ ತಲುಪಬೇಕು. ಹಿಂದಿನವನು ಕನ್ನಡಿ ತುಂಬಾ ಕಾಣುತ್ತಿರುವಾಗ 30 ಸಲ ಅದೇ 19 ತಿರುವನ್ನು ತಪ್ಪಿಲ್ಲದೆ ಎಳೆಯಬೇಕು. ಅದೃಷ್ಟ ಇಷ್ಟೆಲ್ಲಾ ಕೆಲಸ ಮಾಡಿಕೊಡುತ್ತದಾ?

ಅದೃಷ್ಟದ ಲೆಕ್ಕವನ್ನೇ ಹಾಕುವುದಾದರೆ 2024ರಿಂದ ಹಾಕೋಣ. ಆ ವರ್ಷ ಕುಶ್ ಇನ್ವಿಕ್ಟಾ ರೇಸಿಂಗ್ ತಂಡದಲ್ಲಿದ್ದ. ಮೊದಲ ರೇಸ್ ಬಹ್ರೇನ್. ಕ್ವಾಲಿಫೈಯಿಂಗ್‌ನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿ ಪೋಲ್ ತೆಗೆದ. ಆಮೇಲೆ ತಪಾಸಣೆಯಲ್ಲಿ ಕಾರು ನಿಯಮಕ್ಕೆ ಸರಿಹೊಂದಲಿಲ್ಲ ಎಂದು ಅವನನ್ನು ಅನರ್ಹ ಮಾಡಿದರು. ಪೋಲ್ ಹೋಯಿತು, ಅದೇ ತಂಡದ ಜೊತೆಗಾರ ಗೇಬ್ರಿಯಲ್ ಬೊರ್ಟೊಲೆಟೊಗೆ ಸಿಕ್ಕಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಒಂದು ವಾರದ ನಂತರ ಸೌದಿಯ ಜೆಡ್ಡಾದಲ್ಲಿ ರೇಸ್. ಅಲ್ಲಿ ಪೋಲ್ ತೆಗೆದದ್ದು ಇನ್ನೊಬ್ಬ ಫಾರ್ಮುಲಾ 2 ಹುಡುಗ ಆಲಿವರ್ ಬೇರ್‌ಮನ್. ಅಷ್ಟರಲ್ಲಿ ಫೆರಾರಿ ತಂಡದ ಫಾರ್ಮುಲಾ 1 ಡ್ರೈವರ್ ಕಾರ್ಲೋಸ್ ಸೈನ್ಸ್‌ಗೆ ಅಪೆಂಡಿಕ್ಸ್ ಆಪರೇಷನ್. ಬೇರ್‌ಮನ್‌ನನ್ನು ಫೆರಾರಿ ರಾತ್ರೋರಾತ್ರಿ ಫಾರ್ಮುಲಾ 1ಕ್ಕೆ ಕರೆದುಕೊಂಡಿತು. ಎರಡನೆಯವನಾಗಿದ್ದ ಕುಶ್ ಮೊದಲ ಜಾಗದಿಂದ ಹೊರಟು, ಫೀಚರ್ ರೇಸ್ ಎಂಬ ಉದ್ದದ ಮುಖ್ಯ ರೇಸ್‌ನಲ್ಲಿ ಎರಡನೆಯವನಾಗಿ ಬಂದ. ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಪಟ್ಟಿಯಲ್ಲಿ ಪಕ್ಕಪಕ್ಕದಲ್ಲಿದ್ದ ಇಬ್ಬರು ಹುಡುಗರು. ಒಬ್ಬ ಅದೇ ದಿನ ಫೆರಾರಿಯಲ್ಲಿ ಏಳನೆಯವನಾಗಿ ಬಂದು ಲೋಕಕ್ಕೆಲ್ಲಾ ಗೊತ್ತಾದ. ಇನ್ನೊಬ್ಬನ ಹೆಸರು ಅವನ ಸ್ವಂತ ಊರಿಗೇ ಸರಿಯಾಗಿ ಗೊತ್ತಿಲ್ಲ.

ಆಮೇಲೆ ಹಂಗೇರಿ. ಸ್ಪ್ರಿಂಟ್‌ನಲ್ಲಿ ಕುಶ್ ಎರಡನೆಯವನಾಗಿ ಗೆರೆ ದಾಟಿದ. ಗೆದ್ದಿದ್ದ ರಿಚರ್ಡ್ ವರ್ಸ್ಕೂರ್ ರೇಸ್ ಮುಗಿದ ಮೇಲೆ ಅನರ್ಹನಾದ. ಹೀಗೆ ಫಾರ್ಮುಲಾ 2ರ ಮೊದಲ ಗೆಲುವು ಕುಶ್‌ಗೆ ಬಂತು. ಬಂದದ್ದು ಕಾಗದದ ಮೇಲೆ. ಅಷ್ಟರಲ್ಲಿ ಪೋಡಿಯಂ ಮುಗಿದಿತ್ತು, ಇನ್ನೊಬ್ಬನ ರಾಷ್ಟ್ರಗೀತೆ ನುಡಿಸಿ ಆಗಿತ್ತು. ಹತ್ತು ತಿಂಗಳು ಕಳೆದು ಮೊನಾಕೊದಲ್ಲಿ ನಮ್ಮ ಗೀತೆ ಕೇಳಿದಾಗ ನನ್ನ ಕಣ್ಣು ಯಾಕೆ ತುಂಬಿತು ಎಂದು ಈಗ ಅರ್ಥವಾಯಿತಲ್ವಾ?

ಅವನಲ್ಲಿ ಕೊರತೆ ಇಲ್ಲ ಎಂದು ನಾನು ಹೇಳುತ್ತಿಲ್ಲ. 2024ರಲ್ಲಿ ಅದೇ ಕಾರಿನಲ್ಲಿ ಬೊರ್ಟೊಲೆಟೊ ಚಾಂಪಿಯನ್ ಆದ. ಕುಶ್ 13ನೆಯವನಾದ. ಅದು ನನಗೂ ಚುಚ್ಚುತ್ತದೆ. ಒಂದು ಲ್ಯಾಪ್‌ನ ವೇಗದಲ್ಲಿ ಅವನು ಯಾರಿಗೂ ಕಮ್ಮಿಯಿಲ್ಲ. ಭಾನುವಾರದ ಉದ್ದದ ರೇಸ್‌ನಲ್ಲಿ ಟೈರ್ ಉಳಿಸಿಕೊಂಡು ಹೋಗುವುದು ಇನ್ನೂ ಕೂಡಿಬಂದಿಲ್ಲ, ಇದು ನಾನು ನೋಡಿ ಕಂಡದ್ದು. 2025ರಲ್ಲಿ ಡ್ಯಾಮ್ಸ್ ತಂಡಕ್ಕೆ ಬಂದ ಮೇಲೂ ಮೊನಾಕೊ ಬಿಟ್ಟು ಬೇರೆ ಗೆಲುವು ಬರಲಿಲ್ಲ. ಲೆಕ್ಕವೂ ಕಠಿಣ. ಫೀಚರ್ ರೇಸ್ ಗೆದ್ದರೆ 25 ಪಾಯಿಂಟ್, ಸ್ಪ್ರಿಂಟ್ ಗೆದ್ದರೆ ಹತ್ತೇ. ಫಾರ್ಮುಲಾ 1 ಓಡಿಸಲು ಸೂಪರ್ ಲೈಸೆನ್ಸ್ ಬೇಕು, ಅದಕ್ಕೆ 40 ಪಾಯಿಂಟ್ ಸೇರಬೇಕು. ಫಾರ್ಮುಲಾ 2ರಲ್ಲಿ ವರ್ಷದ ಕೊನೆಗೆ ಮೊದಲ ಮೂರರಲ್ಲಿದ್ದರೆ ಒಂದೇ ಏಟಿಗೆ ಅಷ್ಟೂ ಸಿಗುತ್ತದೆ. ಹತ್ತರ ಆಚೆ ಇದ್ದರೆ ಅಲ್ಲಿಂದ ಏನೂ ಸಿಗುವುದಿಲ್ಲ. ಆದರೂ ಆಲ್ಪೀನ್‌ನಂಥ ಫಾರ್ಮುಲಾ 1 ತಂಡ 2025ಕ್ಕೆ ಅವನನ್ನು ಟೆಸ್ಟ್ ಮತ್ತು ರಿಸರ್ವ್ ಡ್ರೈವರ್ ಮಾಡಿಕೊಂಡಿತು. ಅವರು ಪಟ್ಟಿ ಒಂದನ್ನೇ ನೋಡುವವರಲ್ಲ.

"ದುಡ್ಡಿರೋರ ಮನೆ ಹುಡುಗ ಬಿಡು" ಎನ್ನುವವರೂ ಇದ್ದಾರೆ. ದುಡ್ಡಿದೆ, ನಿಜ. ಈ ಆಟಕ್ಕೆ ಕೋಟಿಗಟ್ಟಲೆ ಬೇಕು, ಅದಿಲ್ಲದೆ ಎಷ್ಟೋ ಒಳ್ಳೆಯ ಹುಡುಗರು ಕಾರ್ಟಿಂಗ್‌ನಲ್ಲೇ ನಿಂತುಹೋಗುತ್ತಾರೆ. ಅದು ದೊಡ್ಡ ಅನ್ಯಾಯವೇ. ಆದರೆ ಕಾರು ತರಬಹುದು, ಮೊನಾಕೊದ ತಿರುವಿನಲ್ಲಿ ಸ್ಟೇರಿಂಗ್ ಹಿಡಿಯುವ ಕೈ ತರಲಾಗುವುದಿಲ್ಲ. ಇಷ್ಟಕ್ಕೂ ನಮ್ಮ ರಾಜ್ಯದ ಹುಡುಗರು ಕಾರ್ ರೇಸ್ ಟ್ರ್ಯಾಕ್ ಬೇಕೆಂದರೆ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು. ನರೇನ್ ಕಾರ್ತಿಕೇಯನ್ 2005ರಲ್ಲಿ, ಕರುಣ್ ಚಂದೋಕ್ 2010ರಲ್ಲಿ ಫಾರ್ಮುಲಾ 1ಕ್ಕೆ ಹೋದರು. ಇಬ್ಬರೂ ತಮಿಳುನಾಡಿನವರು, ಅದೇ ಟ್ರ್ಯಾಕ್‌ಗಳ ಊರಿನವರು.

ನನಗೆ ಬೇಜಾರಾಗುವುದು ಇಷ್ಟಕ್ಕೇ. ನಾಳೆ ಇವನು ಫಾರ್ಮುಲಾ 1 ಕಾರಲ್ಲಿ ಕೂತರೆ ಇದೇ ಜನ "ನಮ್ಮ ಬೆಂಗಳೂರು ಹುಡುಗ" ಎಂದು ಸ್ಟೇಟಸ್ ಹಾಕುತ್ತಾರೆ. ಹಾಕಲಿ, ಸಂತೋಷ. ಆದರೆ ಹುಡುಗನಿಗೆ ಜನ ಬೇಕಾಗಿರುವುದು ಈಗ. 14ನೇ ಜಾಗದಲ್ಲಿ ಟೈರ್ ಸವೆದು ಒದ್ದಾಡುವಾಗ ನೋಡುವವರು ಬೇಕು. ನೋಡುವವರು ಜಾಸ್ತಿಯಾದರೆ ಸ್ಪಾನ್ಸರ್ ಬರುತ್ತಾರೆ, ಇವನ ಹಿಂದೆ ಬರುವ ಹುಡುಗರಿಗೂ ದಾರಿಯಾಗುತ್ತದೆ.

ಕುಶ್ ರೇಸ್ ಇರುವ ವಾರ ಸಮಯವನ್ನು ಇಲ್ಲೇ ಹಾಕುತ್ತೇನೆ. ಕ್ವಾಲಿಫೈಯಿಂಗ್ ತಪ್ಪಿಸಬೇಡಿ, ಅವನ ನಿಜವಾದ ವೇಗ ಕಾಣುವುದು ಅಲ್ಲೇ. ಹತ್ತಿರದಲ್ಲಿ ಇರುವವರು ನಮ್ಮ ಮನೆಗೇ ಬನ್ನಿ. ಅಮ್ಮ ಚುರುಮುರಿ ಮಾಡುತ್ತಾರೆ. ಸೋಫಾದ ಎಡ ಮೂಲೆ ಮಾತ್ರ ಬಿಟ್ಟು ಕೂರಿ, ಅದು ಅಪ್ಪನ ಜಾಗ. ರೇಸ್ ಶುರುವಿಗೆ ಲೈಟ್ ಆರುವುದಕ್ಕೆ ಹತ್ತು ನಿಮಿಷ ಮೊದಲೇ ಬಂದು ಕೂತಿರುತ್ತಾರೆ.