ತೊಂಬತ್ತು ಎಂ.ಎಲ್. ದೇಶಭಕ್ತಿ

ಭಾರತದ ಸರಕುಗಳ ಮೇಲಿನ ಸುಂಕವನ್ನು ಅಮೆರಿಕವು 2025ರ ಆಗಸ್ಟ್ 27ರಿಂದ ಶೇ 50ಕ್ಕೆ ಏರಿಸಿದ ಸುದ್ದಿ ರಾಯಚೂರಿನ ಕೃಷಿ ಮಾರುಕಟ್ಟೆಯಾದ ಗಂಜ್ ತಲುಪಿದ ಸಂಜೆಯೇ, ಅಲ್ಲಿನ ವೈನ್ ಶಾಪೊಂದರ ಕಬ್ಬಿಣದ ಜಾಲರಿಯ ಮುಂದೆ ಒಂದು ಗಂಭೀರ ನಿರ್ಣಯ ಅಂಗೀಕಾರವಾಯಿತು. ಅಮೆರಿಕದ ಬರ್ಬನ್ ವಿಸ್ಕಿಯನ್ನು ಇನ್ನು ಮುಂದೆ ಯಾರೂ ಮುಟ್ಟತಕ್ಕದ್ದಲ್ಲ. ಮಂಡಿಸಿದವರು ಹತ್ತಿ ಅಡತಿಯ ಸಾಹುಕಾರರು, ಅನುಮೋದಿಸಿದವನು ಅವರದೇ ಗುಮಾಸ್ತ.

"ಬರ್ಬನ್ ಅಂದ್ರ ಏನ್ರೀ ಸಾವ್ಕಾರ್ರ?" ಎಂದು ಹಮಾಲನೊಬ್ಬ ಕೇಳಿದ.

"ಇವತ್ತಿನಿಂದ ನಾವು ಬಿಟ್ಟಿದ್ದಪಾ."

ಹಮಾಲ ತನ್ನ ತೊಂಬತ್ತು ಎಂ.ಎಲ್. ಮದ್ಯದ ಟೆಟ್ರಾ ಪ್ಯಾಕಿನ ಮೂಲೆಯನ್ನು ಹಲ್ಲಿನಿಂದ ಹರಿದು, ನೀರಿನ ಪಾಕೀಟನ್ನು ಅದರ ಜೊತೆಗೇ ಗ್ಲಾಸಿಗೆ ಹಿಂಡಿ, ಕಂಡು ಕೇಳರಿಯದ ವಸ್ತುವನ್ನು ದೇಶಕ್ಕಾಗಿ ತ್ಯಜಿಸಿದ.

ಇಂಥ ಬಹಿಷ್ಕಾರಕ್ಕೆ ಮೇಲ್ಪಂಕ್ತಿ ಇಲ್ಲವೆಂದಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯವು ಅಮೆರಿಕದ ಮದ್ಯವನ್ನೆಲ್ಲ ಸರ್ಕಾರಿ ಅಂಗಡಿಗಳ ಕಪಾಟಿನಿಂದ ಕೆಳಗಿಳಿಸಿತು. ನಮ್ಮಲ್ಲಿಯಂತೆ ಅಲ್ಲಿಯೂ ಸಗಟು ವ್ಯಾಪಾರ ಸರ್ಕಾರದ ಕೈಯಲ್ಲಿರುವುದರಿಂದ ಒಂದೇ ಆದೇಶ ಸಾಕಾಯಿತು, ಅಲ್ಲಿನ ಜನ ಆ ಮದ್ಯವನ್ನು ನಿಜವಾಗಿಯೂ ಕುಡಿಯುತ್ತಿದ್ದುದರಿಂದ ಏಟು ಅಮೆರಿಕಕ್ಕೆ ತಾಗಿಯೂ ತಾಗಿತು. ನಮ್ಮ ಗಂಜಿನ ನಿರ್ಣಯಕ್ಕೆ ಕೊರತೆಯಾದದ್ದು ಈ ಎರಡನೆಯ ಅನುಕೂಲ ಮಾತ್ರ. ಕೇಂದ್ರ ಸರ್ಕಾರವಂತೂ ಫೆಬ್ರುವರಿಯಲ್ಲೇ ಬರ್ಬನ್ ಮೇಲಿನ ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿ ಕೂತಿತ್ತು.

ಬಿಟ್ಟದ್ದರ ಜಾಗಕ್ಕೆ ಹಿಡಿದದ್ದೇನು ಎಂಬುದನ್ನೂ ನೋಡಬೇಕಲ್ಲ. ಗುಮಾಸ್ತನ ಕೈಯಲ್ಲಿದ್ದ ರಾಯಲ್ ಸ್ಟ್ಯಾಗ್ ಫ್ರಾನ್ಸಿನ ಪೆರ್ನೋ ರಿಕಾರ್ ಕಂಪನಿಯದು. ಸಾಹುಕಾರರ ಮ್ಯಾಕ್‌ಡೊವೆಲ್ಸ್ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್‌ನದು, ಆ ಕಂಪನಿಯ ಒಡೆತನ ಲಂಡನ್ನಿನ ಡಿಯಾಜಿಯೊದ್ದು. ಕೆನಡಾದವರ ಪ್ರೀತಿಯ ಕ್ರೌನ್ ರಾಯಲ್ ವಿಸ್ಕಿಗೂ ಈ ಡಿಯಾಜಿಯೊವೇ ಯಜಮಾನ. ಅದು ಒಂಟಾರಿಯೊದ ಬಾಟಲಿ ತುಂಬುವ ಘಟಕವನ್ನು ಮುಚ್ಚುವುದಾಗಿ ಸಾರಿದಾಗ ಆ ಪ್ರಾಂತ್ಯ ಸರ್ಕಾರದ ಮುಖ್ಯಸ್ಥ ಡಗ್ ಫೋರ್ಡ್, ಸೆಪ್ಟೆಂಬರ್‌ನಲ್ಲಿ, ಕ್ಯಾಮೆರಾಗಳ ಎದುರು ಒಂದು ಇಡೀ ಬಾಟಲಿಯನ್ನು ನೆಲಕ್ಕೆ ಸುರಿದರು. ನಮ್ಮ ಜಾಲರಿಯ ಮುಂದೆ ಅಂಥ ಪ್ರತಿಭಟನೆ ನಡೆಯುವ ಸಂಭವವಿಲ್ಲ. ಇಲ್ಲಿ ನೆಲಕ್ಕೆ ಬೀಳುವುದು ಕುಡಿಯುವ ಮುನ್ನ ಬೆರಳದ್ದಿ ಚಿಮುಕಿಸುವ ಎರಡು ಹನಿಯಷ್ಟೇ, ಅದೂ ಹಿರಿಯರ ಲೆಕ್ಕಕ್ಕೆ.

ಇನ್ನು ಒಳಗಿನ ಸರಕು. ದೇಶದ ಅಬಕಾರಿ ಭಾಷೆಯಲ್ಲಿ ಇದಕ್ಕೆ 'ಭಾರತದಲ್ಲಿ ತಯಾರಾದ ವಿದೇಶಿ ಮದ್ಯ' ಎಂಬ, ತರ್ಕಶಾಸ್ತ್ರಿಗಳನ್ನೇ ತತ್ತರಿಸುವಂತೆ ಮಾಡುವ ಹೆಸರಿದೆ. ಅಗ್ಗದ ವಿಸ್ಕಿ ಎಷ್ಟೋ ಸಲ ಕಬ್ಬಿನ ಕಾಕಂಬಿಯ ಮದ್ಯಸಾರ, ಯುರೋಪಿನಲ್ಲಿ ಅಂಥದನ್ನು ವಿಸ್ಕಿ ಎಂದು ಕರೆದು ಮಾರುವಂತೆಯೇ ಇಲ್ಲ. ಹಾಗಾದರೆ ಅಪ್ಪಟ ಸ್ವದೇಶಿ ಯಾವುದು? ಈಚಲು ಮರದಿಂದ ಇಳಿದು, ಮಡಕೆಯಲ್ಲಿ ನೊರೆಯೆದ್ದು, ಸುಂಕದ ಕಟ್ಟೆಯನ್ನೇ ಕಾಣದೆ ಗಂಟಲಿಗೆ ಸೇರುತ್ತಿದ್ದ ಸೇಂದಿ. ಅದನ್ನು ಮಾರಿದವನನ್ನು ಇಂದು ರಾಯಚೂರಿನ ಪೊಲೀಸರು ಹಿಡಿದೊಯ್ಯುತ್ತಾರೆ. (ಕದ್ದು ಮಾರುವ ಸೇಂದಿಯಲ್ಲಿ ಈಗ ಮರದ ಪಾಲೆಷ್ಟು, ಮತ್ತು ಬರಿಸುವ ಸಿ.ಎಚ್. (ಕ್ಲೋರಲ್ ಹೈಡ್ರೇಟ್) ಪುಡಿಯ ಪಾಲೆಷ್ಟು ಎಂದು ಕೇಳದಿರುವುದು ಲೇಸು.) ಸಾರಾಯಿ 2007ರ ಜುಲೈ 1ರಂದೇ ರಾಜ್ಯದಲ್ಲಿ ನಿಷೇಧವಾಯಿತು. ಹೀಗೆ ಸ್ವದೇಶಿ ಪಾನೀಯಗಳೆಲ್ಲ ಅಪರಾಧಗಳ ಪಟ್ಟಿಗೆ ಸೇರಿ, ವಿದೇಶಿ ಒಡೆತನದ, ಇಂಗ್ಲಿಷ್ ಹೆಸರಿನ ಬಾಟಲಿಗಳು ದೇಶಾಭಿಮಾನದ ಭಾರವನ್ನು ಹೊರಬೇಕಾಗಿ ಬಂದಿದೆ.

ನಿರ್ಣಯ ಮುಗಿದು ಮಿರ್ಚಿಯ ಪೊಟ್ಟಣ ಬಿಚ್ಚುವ ಹೊತ್ತಿಗೆ ಮಾನ್ವಿ ಕಡೆಯ ರೈತರೊಬ್ಬರು ಸಾಹುಕಾರರನ್ನು ಹುಡುಕಿಕೊಂಡು ಅಲ್ಲಿಗೇ ಬಂದರು. ಆಮದು ಹತ್ತಿಯ ಮೇಲಿದ್ದ ಶೇ 11ರ ಸುಂಕವನ್ನು ನಮ್ಮ ಸರ್ಕಾರವೇ ಆಗಸ್ಟ್ 19ರಿಂದ ತೆಗೆದುಹಾಕಿತ್ತು, ಅವರ ಹೊಲದಲ್ಲಿ ಹತ್ತಿ ಇನ್ನೂ ಕಾಯಿ ಕಟ್ಟುತ್ತಿತ್ತು.

"ಸಾವ್ಕಾರ್ರ, ಅಮೆರಿಕಾದ ಹತ್ತಿ ಸುಂಕಿಲ್ಲದಂಗ ಬರಾಕತ್ತೈತಂತ. ಅದನ್ನೂ ಮುಟ್ಟಬಾರದು ಅಂತ ಒಂದು ಮಾತು ಹೇಳ್ರಿ."

ಸಾಹುಕಾರರು ಗ್ಲಾಸನ್ನು ಬೆಳಕಿಗೆ ಹಿಡಿದು ಅಳತೆ ನೋಡಿದರು.

"ಅದು ಕುಡಿಯೋ ವಸ್ತು ಅಲ್ಲಪಾ."