ಬೆರಳನ್ನು ದೂರುವ ಮೊದಲು ಗಿಟಾರನ್ನು ಅಳೆದು ನೋಡಿ

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಗಿಟಾರ್ ಇದೆ. ನುಡಿಸುವವರು ಮಾತ್ರ ಕಡಿಮೆ. ಮಗಳ ಹುಟ್ಟುಹಬ್ಬಕ್ಕೆಂದು ಕೊಂಡದ್ದು, ಮೊದಲ ಸಂಬಳದಲ್ಲಿ ಆಸೆಪಟ್ಟು ತಂದದ್ದು, ಕೆಲವೇ ತಿಂಗಳಲ್ಲಿ ಬೀರುವಿನ ಮೇಲೆ ಸೇರಿಬಿಡುತ್ತದೆ. ಕಾರಣ ಕೇಳಿದರೆ "ನನ್ನ ಬೆರಳಿಗೆ ಅದು ಒಗ್ಗಲಿಲ್ಲ" ಎನ್ನುತ್ತಾರೆ. ಬಹಳ ವರ್ಷಗಳಿಂದ ಭಾವಗೀತೆಯ ಕಾರ್ಯಕ್ರಮಗಳಿಗೆ ಗಿಟಾರ್ ಸಾಥ್ ನೀಡುತ್ತ, ಬಿಡುವಿದ್ದಾಗ ಹೊಸಬರಿಗೆ ಹೇಳಿಕೊಡುತ್ತ ಬಂದಿರುವ ನನಗೆ ಈ ಮಾತು ಪ್ರತಿ ಸಲವೂ ನೋವು ತರುತ್ತದೆ. ಏಕೆಂದರೆ ಅಂಥವರ ವಾದ್ಯವನ್ನು ಕೈಗೆತ್ತಿಕೊಂಡು ನೋಡಿದಾಗ, ಅನುಭವಿಗಳಿಗೂ ನುಡಿಸಲು ಕಷ್ಟವಾಗುವಂತಹ ಸ್ಥಿತಿಯಲ್ಲಿ ಅದು ಇರುವುದನ್ನು ಅನೇಕ ಸಲ ಕಂಡಿದ್ದೇನೆ. ಕಡಿಮೆ ಬೆಲೆಯ ಗಿಟಾರುಗಳು ಕಾರ್ಖಾನೆಯ ಪೆಟ್ಟಿಗೆಯಿಂದ ನೇರವಾಗಿ ಗಿರಾಕಿಯ ಕೈಗೆ ಬರುತ್ತವೆ, ನಡುವೆ ಯಾರೂ ಅವನ್ನು ಹದಗೊಳಿಸಿರುವುದಿಲ್ಲ. ಗಿಟಾರ್ ಕಲಿಸುವವರೆಲ್ಲರೂ ಮೊದಲ ತರಗತಿಯನ್ನು ಸ್ವರಗಳಿಗಲ್ಲದೆ ವಾದ್ಯದ ಪರೀಕ್ಷೆಗೇ ಮೀಸಲಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಪರೀಕ್ಷೆಗೆ ಬೇಕಾಗುವುದು ಮಿಲಿಮೀಟರ್ ಗುರುತಿರುವ ಒಂದು ಸ್ಟೀಲ್ ಸ್ಕೇಲ್ ಅಷ್ಟೆ. ಗಿಟಾರನ್ನು ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿದು, ಬೆರಳುಹಲಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳಾದ ಫ್ರೆಟ್ಟುಗಳಲ್ಲಿ, ತಲೆಯ ಕಡೆಯಿಂದ ಎಣಿಸಿದರೆ 12ನೆಯದರ ಮೇಲೆ ಸ್ಕೇಲನ್ನು ನಿಲ್ಲಿಸಿ, ಅಲ್ಲಿಂದ ತಂತಿಯ ತಳಕ್ಕೆ ಎಷ್ಟು ಅಂತರವಿದೆ ಎಂದು ನೋಡಿ. ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರಿನಲ್ಲಿ ದಪ್ಪ ತಂತಿಯ ಕೆಳಗೆ ಸುಮಾರು ಎರಡೂವರೆ, ಸಣ್ಣ ತಂತಿಯ ಕೆಳಗೆ ಎರಡಕ್ಕಿಂತ ಸ್ವಲ್ಪ ಕಡಿಮೆ ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ನಾಲ್ಕು ಮಿಲಿಮೀಟರ್ ಇರುವ ಗಿಟಾರುಗಳನ್ನು ಹತ್ತು ವರ್ಷದ ಮಕ್ಕಳ ಕೈಯಲ್ಲಿ ನೋಡಿದ್ದೇನೆ. ಇದಾದ ಮೇಲೆ ದಪ್ಪ ತಂತಿಯನ್ನು ಒಂದು ಕೈಯಿಂದ ಮೊದಲ ಫ್ರೆಟ್ಟಿನಲ್ಲಿಯೂ, ಇನ್ನೊಂದು ಕೈಯಿಂದ ನೆಕ್ (ಗಿಟಾರಿನ ಉದ್ದನೆಯ ಕತ್ತು) ಒಡಲಿಗೆ ಸೇರುವ 14ನೆಯ ಫ್ರೆಟ್ಟಿನಲ್ಲಿಯೂ ಒಟ್ಟಿಗೆ ಒತ್ತಿ, ನಡುವೆ 7ನೆಯ ಫ್ರೆಟ್ಟಿನ ಮೇಲೆ ತಂತಿಗೂ ಲೋಹಕ್ಕೂ ಎಷ್ಟು ಜಾಗವಿದೆ ಎಂದು ಗಮನಿಸಿ. ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಜಾಗವಿದ್ದರೆ ನೆಕ್ಕಿನ ಬಾಗು ಸರಿಯಾಗಿದೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ನೆಕ್ಕಿನ ಒಳಗಿದ್ದು ಬಾಗನ್ನು ಹತೋಟಿಯಲ್ಲಿಡುವ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಬಿಗಿಮಾಡಬೇಕು; ಅದನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು, ತಿರುಗಿಸಿದ ಮೇಲೆ ಮತ್ತೆ ಶ್ರುತಿ ಮಾಡಿ ಅಳೆಯಬೇಕು. ಬಾಗು ಸರಿಯಾಗಿದ್ದೂ ತಂತಿ ಎತ್ತರದಲ್ಲಿದ್ದರೆ ಒಡಲಿನ ಮೇಲೆ ತಂತಿಗಳನ್ನು ಹಿಡಿದಿರುವ ಬ್ರಿಡ್ಜಿನಲ್ಲಿ, ತಂತಿಗಳು ಒರಗುವ ಸ್ಯಾಡಲ್ ಎಂಬ ಪಟ್ಟಿಯ ತಳವನ್ನು ಉಪ್ಪುಕಾಗದದಿಂದ ಉಜ್ಜಿ ತಗ್ಗಿಸುತ್ತಾರೆ. 12ನೆಯ ಫ್ರೆಟ್ ತಂತಿಯ ಸರಿಯಾದ ನಡುಮಧ್ಯದಲ್ಲಿರುವುದರಿಂದ ಅಲ್ಲಿ ಒಂದು ಮಿಲಿಮೀಟರ್ ತಗ್ಗಬೇಕಾದರೆ ಸ್ಯಾಡಲಿನಲ್ಲಿ ಎರಡು ಮಿಲಿಮೀಟರ್ ಹೋಗಬೇಕಾಗುತ್ತದೆ ಎಂಬ ಲೆಕ್ಕ ನೆನಪಿರಲಿ.

ಎಲ್ಲರೂ ಮರೆಯುವ ಜಾಗವೆಂದರೆ ತಲೆಯ ಕಡೆಯ ನಟ್, ಅಂದರೆ ತಂತಿಗಳು ಹಾಯುವ ಗೀರುಗಳಿರುವ ಪಟ್ಟಿ. ಪದ್ಮನಾಭನಗರದ ಒಬ್ಬ ತಾಯಿ, ಮಕ್ಕಳು ಕಾಲೇಜಿಗೆ ಹೋದ ಮೇಲೆ ಗಿಟಾರ್ ಕಲಿಯಲು ಕುಳಿತವರು, ಎಫ್ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಮುಂದೆ ಸೋತು "ಬಿಡಿ ಸರ್, ನಂಗೆ ಈ ಎಫ್ ಬರೋದೇ ಇಲ್ಲ" ಎಂದರು. ಅದೇ ಬೆರಳುಗಳ ಆಕಾರವನ್ನು ಹಾಗೆಯೇ ಜಾರಿಸಿ 5ನೆಯ ಫ್ರೆಟ್ಟಿನಲ್ಲಿ ಹಿಡಿಯಲು ಹೇಳಿದೆ. ಎ ಮೇಜರ್ ಕಾರ್ಡು ಆರೂ ತಂತಿಗಳಲ್ಲಿ ಸ್ವಚ್ಛವಾಗಿ ನುಡಿಯಿತು. ಐದನೆಯ ಮನೆಯಲ್ಲಿ ಸಲೀಸಾಗಿ ಬರುವ ಹಿಡಿತ ಮೊದಲನೆಯ ಮನೆಯಲ್ಲಿ ಬಾರದೆ ಹೋದರೆ ಅನುಮಾನಿಸಬೇಕಾದದ್ದು ನಟ್ಟನ್ನು. ಪ್ರತಿ ತಂತಿಯನ್ನೂ 3ನೆಯ ಫ್ರೆಟ್ಟಿನಲ್ಲಿ ಒತ್ತಿಹಿಡಿದು 1ನೆಯ ಫ್ರೆಟ್ಟಿನ ಮೇಲೆ ನೋಡಿ: ಕೂದಲೆಳೆಯಷ್ಟು ಜಾಗ ಕಂಡರೆ ಸಾಕು. ಅವರ ಗಿಟಾರಿನಲ್ಲಿ ಬೆಳಕು ಧಾರಾಳವಾಗಿ ಹಾಯುತ್ತಿತ್ತು. ನಟ್ಟಿನ ಗೀರುಗಳನ್ನು ತಂತಿಯ ದಪ್ಪಕ್ಕೆ ತಕ್ಕ ಅರಗಳಿಂದ ಆಳಮಾಡಿಸಿದ ಬಳಿಕ ಎಫ್ ಅವರ ಕೈಗೆ ಬಂತು. ಈ ಒಂದು ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗದೆ, ನಟ್ಟಿನ ಅರಗಳನ್ನಿಟ್ಟುಕೊಂಡಿರುವ ಕುಶಲಕರ್ಮಿಗೆ ಒಪ್ಪಿಸಿ. ಗೀರು ಸ್ವಲ್ಪ ಹೆಚ್ಚು ಆಳವಾದರೂ ತಂತಿ ಫ್ರೆಟ್ಟಿಗೆ ತಾಗಿ ಗುಂಯ್‌ಗುಡುತ್ತದೆ.

ಆ ಗುಂಯ್ ಎಂಬ ಸದ್ದು ಎಲ್ಲಿ ಬರುತ್ತದೆ ಎಂಬುದರಿಂದಲೇ ಅದರ ಮೂಲವನ್ನು ಹಿಡಿಯಬಹುದು. ಒತ್ತದೆ ಬಿಟ್ಟ ತಂತಿಯಲ್ಲಿ ಮಾತ್ರ ಬಂದರೆ ನಟ್ಟಿನ ಗೀರು ಆಳವಾಗಿದೆ, ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಬಂದರೆ ನೆಕ್ಕಿನ ಬಾಗು ಕಡಿಮೆಯಾಗಿದೆ, ಮೇಲಿನ ಫ್ರೆಟ್ಟುಗಳಲ್ಲಿ ಬಂದರೆ ಸ್ಯಾಡಲ್ ತಗ್ಗಿದೆ, ಒಂದೇ ಒಂದು ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದುಕೊಂಡಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು.

ಬೆಂಗಳೂರಿನಲ್ಲಿರುವವರು ಇದರ ಜೊತೆಗೆ ಹವೆಯನ್ನೂ ಗಮನಿಸಬೇಕು. ನಮ್ಮ ಊರಿನ ಹವೆ ಹಿತವಾದದ್ದೆಂದು ಹೇಳಿಕೊಳ್ಳುತ್ತೇವೆ, ಆದರೆ ಮರಕ್ಕೆ ಅದು ವರ್ಷವಿಡೀ ಹಿತವಲ್ಲ. ಗಿಟಾರಿಗೆ ಶೇಕಡ 45ರಿಂದ 55ರ ತೇವಾಂಶ ಒಳ್ಳೆಯದು. ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ಇಲ್ಲಿನ ತೇವಾಂಶ ಇದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಆಗ ಮೇಲ್ಹಲಗೆ ಒಣಗಿ ಒಳಕ್ಕೆ ಕುಸಿಯುತ್ತದೆ, ತಂತಿ ತಗ್ಗುತ್ತದೆ, ನೆಕ್ಕಿನ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಕೈಗೆ ಚುಚ್ಚತೊಡಗುತ್ತವೆ. ಜೂನ್ ಬಂದ ಮೇಲೆ ಅದೇ ಹಲಗೆ ತೇವ ಹೀರಿ ಉಬ್ಬುತ್ತದೆ, ತಂತಿ ಮತ್ತೆ ಮೇಲೇಳುತ್ತದೆ. ಬೇಸಿಗೆಯಲ್ಲಿ ಸರಿಮಾಡಿಸಿದ ಗಿಟಾರ್ ಆಗಸ್ಟಿನಲ್ಲಿ ಗಟ್ಟಿಯಾಯಿತೆಂದರೆ ಮಾಡಿದವರ ಮೇಲೆ ಸಿಟ್ಟಾಗಬೇಕಿಲ್ಲ. ಘನ ಹಲಗೆಯ ವಾದ್ಯವಾಗಿದ್ದರೆ ಒಣ ತಿಂಗಳುಗಳಲ್ಲಿ ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಡಿ. ರಂಧ್ರಗಳಿರುವ ಸೋಪಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಸ್ಪಂಜಿನ ತುಂಡನ್ನಿಟ್ಟು ಪೆಟ್ಟಿಗೆಯೊಳಗೆ ಸೇರಿಸಿದರೆ ಸಾಕಷ್ಟು ತೇವ ಸಿಗುತ್ತದೆ. ಪದರು ಹಲಗೆಯ (ಪ್ಲೈವುಡ್ಡಿನ) ಗಿಟಾರಿಗೆ ಇಷ್ಟು ಜತನ ಬೇಕಿಲ್ಲ. ಆದರೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಯಾವ ಗಿಟಾರನ್ನೂ ಬಿಡಬೇಡಿ, ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತದೆ. ಆರು ಉಕ್ಕಿನ ತಂತಿಗಳು ಒಟ್ಟಾಗಿ ಎಪ್ಪತ್ತು ಕಿಲೋ ತೂಕದಷ್ಟು ಬಲದಿಂದ ಅದನ್ನು ಸದಾ ಎಳೆಯುತ್ತಿರುತ್ತವೆ ಎಂಬುದನ್ನು ನೆನೆದರೆ ಇದು ಆಶ್ಚರ್ಯವಲ್ಲ.

ಮರದ ಮಾತು ಬಂದದ್ದರಿಂದ ಇದೊಂದನ್ನು ಹೇಳಬೇಕೆನಿಸುತ್ತದೆ. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರ ಇಂದು ಜಗತ್ತಿನ ದೊಡ್ಡ ಗಿಟಾರ್ ತಯಾರಕರ ಅಚ್ಚುಮೆಚ್ಚಿನ ಮರಗಳಲ್ಲೊಂದು. ಬ್ರೆಜಿಲ್ ತನ್ನ ಬೀಟೆ ಜಾತಿಯ ಮರದ ದಿಮ್ಮಿಗಳನ್ನು ಹೊರಗೆ ಕಳುಹಿಸುವುದನ್ನು ನಿಲ್ಲಿಸಿದ ಬಳಿಕ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿಸಿಕೊಂಡಿತು. ನಿಮ್ಮ ಗಿಟಾರಿನ ಬೆರಳುಹಲಗೆ ಕಡುಗಂದಾಗಿದ್ದರೆ ಅದು ನಮ್ಮ ಕಾಡಿನ ಬೀಟೆಯೇ ಇದ್ದೀತು. ತಂತಿ ಬದಲಾಯಿಸುವಾಗ ಅದನ್ನು ಒಣ ಬಟ್ಟೆಯಿಂದ ಒರೆಸಿ, ಫ್ರೆಟ್ಟಿನ ಬದಿಯ ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ವರ್ಷಕ್ಕೊಂದೆರಡು ಸಲ ತೆಳುವಾಗಿ ಎಣ್ಣೆ ಸವರಿ. ಹೊಳಪಿನ ಲೇಪವಿರುವ ಮೇಪಲ್ ಹಲಗೆಗೆ ಎಣ್ಣೆ ಬೇಡ.

ತಂತಿಯ ವಿಚಾರದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಕಲಿಯುವವರು 12ರ ಬದಲು 10 ಅಥವಾ 11ರ ಸೆಟ್ ಹಾಕಿಕೊಳ್ಳಲಿ. ಸಂಖ್ಯೆ ಮೊದಲ ತಂತಿಯ ದಪ್ಪವನ್ನು ಇಂಚಿನ ಸಾವಿರದ ಪಾಲಿನಲ್ಲಿ ಹೇಳುತ್ತದೆ. ಶ್ರುತಿ ಪದೇಪದೇ ಇಳಿಯುತ್ತಿದ್ದರೆ, ತಿರುಗಿಸುವಾಗ ಟಿಕ್ ಎಂಬ ಸದ್ದು ಬರುತ್ತಿದ್ದರೆ, ತಂತಿ ನಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಮೆತ್ತನೆಯ ಪೆನ್ಸಿಲನ್ನು ಆ ಗೀರಿನಲ್ಲಿ ನಾಲ್ಕು ಸಲ ಆಡಿಸಿದರೆ ಅದರ ಗ್ರಾಫೈಟ್ ಪುಡಿಯೇ ತಂತಿಯನ್ನು ಜಾರಿಸುತ್ತದೆ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸುತ್ತ ನಿಲ್ಲಿಸಿ. ಮೇಲಿಂದ ಇಳಿಸಿ ನಿಲ್ಲಿಸಿದರೆ ಕೀಲಿಯಲ್ಲಿ ಸಡಿಲ ಉಳಿದು ಹಾಡಿನ ನಡುವೆ ಜಾರುತ್ತದೆ.

ಈಗ ನನಗೆ ಬಹಳ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಗಿಟಾರ್ ಕಲಿಯುವವರಲ್ಲಿ ಅನೇಕರು ಇಂಗ್ಲಿಷ್ ಹಾಡುಗಳಿಂದ ಆರಂಭಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅವರನ್ನು ಒಂದು ದಿನ ಸುಗಮ ಸಂಗೀತದ ಅಭ್ಯಾಸಕ್ಕೆ ಕರೆದಾಗ ಗಾಯಕಿ "ಶ್ರುತಿ ಐದೂವರೆ ಇಟ್ಕೊಳ್ಳಿ ಸರ್" ಎಂದರೆ ಕೈ ನಿಂತುಬಿಡುತ್ತದೆ. ಈ ಲೆಕ್ಕ ಹಾರ್ಮೋನಿಯಂ ಪಟ್ಟಿಯ ಮನೆಗಳದ್ದು: ಒಂದು ಎಂದರೆ ಸಿ, ಒಂದೂವರೆ ಸಿ ಶಾರ್ಪ್, ಎರಡು ಡಿ, ಎರಡೂವರೆ ಡಿ ಶಾರ್ಪ್, ಮೂರು ಇ, ನಾಲ್ಕು ಎಫ್, ನಾಲ್ಕೂವರೆ ಎಫ್ ಶಾರ್ಪ್, ಐದು ಜಿ, ಐದೂವರೆ ಜಿ ಶಾರ್ಪ್, ಆರು ಎ, ಆರೂವರೆ ಎ ಶಾರ್ಪ್, ಏಳು ಬಿ. ಬಿಳಿ ಮನೆಗಳಿಗೆ ಪೂರ್ಣಸಂಖ್ಯೆ, ಕಪ್ಪಿಗೆ ಅರೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಕಪ್ಪು ಇಲ್ಲದ್ದರಿಂದ ಮೂರೂವರೆ ಇಲ್ಲ. ಇಷ್ಟು ಬಾಯಿಗೆ ಬಂದರೆ ಉಳಿದದ್ದು ಕೇಪೋ, ಅಂದರೆ ನೆಕ್ಕಿಗೆ ಕಚ್ಚಿಸಿ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಹಿಡಿಕೆ, ನೋಡಿಕೊಳ್ಳುತ್ತದೆ. ಐದೂವರೆಗೆ ಕೇಪೋವನ್ನು 1ನೆಯ ಫ್ರೆಟ್ಟಿನಲ್ಲಿಟ್ಟು ಜಿ ಆಕಾರಗಳನ್ನು ಹಿಡಿಯಿರಿ, ಅಥವಾ 4ರಲ್ಲಿಟ್ಟು ಇ ಆಕಾರಗಳನ್ನು. ಪುರುಷ ಗಾಯಕರ ಒಂದೂವರೆಗೆ 1ರಲ್ಲಿಟ್ಟು ಸಿ, ಅಥವಾ 4ರಲ್ಲಿಟ್ಟು ಎ. ನಾಲ್ಕೂವರೆಗೆ 2ರಲ್ಲಿ ಇ, ಇಲ್ಲವೇ 4ರಲ್ಲಿ ಡಿ. ಕೇಪೋವನ್ನು ಫ್ರೆಟ್ಟಿನ ಲೋಹಕ್ಕೆ ಅಂಟಿದಂತೆ ಅದರ ಹಿಂದೆಯೇ ಹಾಕಿ, ಹಾಕಿದ ಮೇಲೆ ಶ್ರುತಿಯನ್ನು ಮತ್ತೊಮ್ಮೆ ನೋಡಿಕೊಳ್ಳಿ; ಅದರ ಒತ್ತಡಕ್ಕೆ ತಂತಿಗಳು ತುಸು ಏರಿರುತ್ತವೆ.

ಶ್ರುತಿ ಸೇರಿದ ಮಾತ್ರಕ್ಕೆ ಸಾಥ್ ಸೇರುವುದಿಲ್ಲ. ನಮ್ಮ ಎಷ್ಟೋ ಹಾಡುಗಳ ಧಾಟಿಯಲ್ಲಿ ಒಂದು ರಾಗದ ನೆರಳಿರುತ್ತದೆ, ಅಲ್ಲಿ ಅಭ್ಯಾಸಬಲದಿಂದ ಮೇಜರ್ ಕಾರ್ಡನ್ನು ಬಾರಿಸಿದರೆ ರಾಗದಲ್ಲಿಲ್ಲದ ಸ್ವರ ಒಳಗೆ ನುಗ್ಗುತ್ತದೆ. ಹಿಂದೋಳವನ್ನೇ ನೋಡಿ. ಅದರಲ್ಲಿ ಪಂಚಮವೇ ಇಲ್ಲ. ಷಡ್ಜದ ಮೇಲೆ ಕಟ್ಟಿದ ಮೇಜರ್ ಆಗಲಿ ಮೈನರ್ ಆಗಲಿ ಪಂಚಮವಿಲ್ಲದೆ ಆಗುವುದಿಲ್ಲ. ಇ ಸ್ವರವನ್ನು ಷಡ್ಜವೆಂದುಕೊಂಡರೆ ಹಿಂದೋಳದ ಸ್ವರಗಳು ಇ, ಜಿ, ಎ, ಸಿ, ಡಿ. ಅಲ್ಲಿ ಇ ಮೈನರ್ ಹಿಡಿಯದೆ ಎ ಮೈನರ್ ಮತ್ತು ಸಿ ಮೇಜರ್ ಎರಡರಲ್ಲೇ ಓಡಾಡಿ, ಇವೆರಡರ ಎಲ್ಲ ಸ್ವರಗಳೂ ರಾಗದೊಳಗಿನವೇ. ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೋಡಿ: ಗಿಟಾರಿನ ಆರು ಬಿಡಿ ತಂತಿಗಳಲ್ಲಿ ಎರಡನೆಯದಾದ ಬಿ ಒಂದನ್ನು ಬಿಟ್ಟು ಉಳಿದೆಲ್ಲವೂ ಈ ಹಿಂದೋಳದ ಸ್ವರಗಳು, ಆ ಬಿ ತಂತಿಯನ್ನು ಅರ್ಧ ಸ್ವರ ಏರಿಸಿ ಸಿ ಮಾಡಿಕೊಂಡರೆ ಆರೂ ತಂತಿಗಳು ಹಿಂದೋಳವನ್ನೇ ನುಡಿಯುತ್ತವೆ. ಕೇಪೋವನ್ನು 4ರಲ್ಲಿಟ್ಟರೆ ಅದೇ ಐದೂವರೆಯ ಶ್ರುತಿ. ಆ ಬಿಡಿ ತಂತಿಗಳನ್ನು ಬೆರಳಿನಿಂದ ಒಂದೊಂದಾಗಿ ಮಿಡಿಯುತ್ತ ಗಾಯಕಿಯ ಆಲಾಪದ ಕೆಳಗೆ ಹಾಸಿದಾಗ, ಎಡಗೈ ಏನೂ ಮಾಡದಿದ್ದರೂ ಹಾಡು ತುಂಬಿಕೊಳ್ಳುತ್ತದೆ.

ಕಾರ್ಡ್ ಮೇಜರೋ ಮೈನರೋ ಎಂದು ತೀರ್ಮಾನಿಸುವುದು ಗಾಂಧಾರ; ಮಧ್ಯಮಾವತಿ ರಾಗದಲ್ಲಿ ಅದೇ ಇಲ್ಲ, ಹಾಗಾಗಿ ಅಲ್ಲಿ ಮೇಜರ್ ಮೈನರ್ ಎಂಬ ಪ್ರಶ್ನೆಯನ್ನೇ ಷಡ್ಜದ ಕಾರ್ಡಿನಲ್ಲಿ ಎತ್ತಬಾರದು. ಎ ಷಡ್ಜವಾದರೆ ಗಾಂಧಾರದ ಬದಲು ರಿಷಭ ಅಥವಾ ಮಧ್ಯಮ ಸೇರುವ ಎ ಸಸ್ ಟು, ಎ ಸಸ್ ಫೋರ್ ಹಿಡಿದು, ನಡುವೆ ಜಿ ಮೇಜರ್ ಮತ್ತು ಇ ಮೈನರ್‌ಗೆ ಹೋಗಿ ಬನ್ನಿ. ಯಾವ ರಾಗವಾದರೂ ಮೊದಲು ಅದರ ಆರೋಹಣವನ್ನು ಕಾಗದದ ಮೇಲೆ ಬರೆದು, ಯಾವ ಮೂರು ಸ್ವರಗಳು ಕಾರ್ಡ್ ಆಗಿ ಕೂಡುತ್ತವೆ ಎಂದು ನೋಡುವ ಹತ್ತು ನಿಮಿಷದ ಕೆಲಸ, ಅಂತರ್ಜಾಲದಿಂದ ಇಳಿಸಿಕೊಂಡ ಕಾರ್ಡ್ ಪಟ್ಟಿಗಿಂತ ಹೆಚ್ಚು ಕಲಿಸುತ್ತದೆ ಎಂದು ನಾನು ನಂಬಿದ್ದೇನೆ.

ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಸಂಜೆ ಗಿಟಾರ್ ಹಿಡಿಯುವ ಗೆಳೆಯರಿಗೆ ಒಂದು ಮಾತು. ಬೆರಳ ತುದಿಯ ಉರಿ ಸಹಜ, ಚರ್ಮ ಗಟ್ಟಿಯಾದಂತೆ ಹೋಗುತ್ತದೆ. ಮಣಿಕಟ್ಟಿನ ನೋವು ಸಹಜವಲ್ಲ, ಬಂದ ಕೂಡಲೇ ನಿಲ್ಲಿಸಿ, ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಕೈಯಿಡುವ ಹಿಡಿಗಳಿರುವ ಆಫೀಸ್ ಕುರ್ಚಿಯಲ್ಲಿ ಕುಳಿತು ಅಭ್ಯಾಸ ಮಾಡಬೇಡಿ. ಬೆರಳನ್ನು ಫ್ರೆಟ್ಟಿನ ಲೋಹದ ಪಕ್ಕದಲ್ಲೇ ಇಟ್ಟರೆ ಅರ್ಧದಷ್ಟು ಬಲವೂ ಬೇಕಾಗುವುದಿಲ್ಲ.

ಕೊನೆಯದಾಗಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದು ಗಣೇಶೋತ್ಸವ, ರಾಜ್ಯೋತ್ಸವಗಳ ಬೀದಿ ವೇದಿಕೆ ಏರುವ ಯುವಕರಿಗೆ. ಆ ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ, ಮೈಕಿನ ಜಾಲರಿ ಧ್ವನಿವರ್ಧಕದ ಅರ್ಥಿಂಗಿಗೆ. ಎರಡಕ್ಕೂ ಬೇರೆಬೇರೆ ಕಡೆಯಿಂದ ಕರೆಂಟ್ ಎಳೆದಿದ್ದು, ಒಂದರ ಅರ್ಥಿಂಗ್ ಕಿತ್ತುಹೋಗಿದ್ದರೆ, ಕೈ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಾಗಿದ ಗಳಿಗೆಯಲ್ಲಿ ವಿದ್ಯುತ್ ನಿಮ್ಮ ಮೈಯ ಮೂಲಕ ಹರಿಯಬಹುದು. ಮಳೆ ಬಿದ್ದು ನೆಲ ಒದ್ದೆಯಾಗಿದ್ದರಂತೂ ಪ್ರಾಣಕ್ಕೇ ಅಪಾಯ. ಎಸ್‌.ಪಿ. ರಸ್ತೆಯಲ್ಲಿ ಅಗ್ಗದ ಬೆಲೆಗೆ ಸಿಗುವ ಟೆಸ್ಟರ್ ಒಂದನ್ನು ಗಿಟಾರಿನ ಚೀಲದಲ್ಲಿ ಸದಾ ಇಟ್ಟುಕೊಂಡು, ಹಾಡುವ ಮೊದಲು ಮೈಕಿನ ಜಾಲರಿಗೂ ತಂತಿಗೂ ಮುಟ್ಟಿಸಿ ನೋಡಿ. ದೀಪ ಹೊತ್ತಿದರೆ ಸಂಘಟಕರು ಎಷ್ಟೇ ಅವಸರ ಮಾಡಿದರೂ ನುಡಿಸಲು ಒಪ್ಪಬೇಡಿ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗನ್ನು ಸರಿಪಡಿಸಿಕೊಂಡು, ಧ್ವನಿವರ್ಧಕದವರ ಬೋರ್ಡಿನಿಂದಲೇ ಮೂರು ಪಿನ್ನಿನ ಪ್ಲಗ್ಗಿನಲ್ಲಿ ನಿಮ್ಮ ಆಂಪ್ಲಿಫೈಯರಿಗೂ ಸಂಪರ್ಕ ಕೊಡಿಸಿ, ಮತ್ತೊಮ್ಮೆ ಟೆಸ್ಟರ್ ಇಟ್ಟು ನೋಡಿದ ಅನಂತರವೇ ಮೈಕಿನ ಮುಂದೆ ನಿಲ್ಲಿ.